ಮೊದಲ ಸೀಸನ್ನಿಗೆ ಕೋವಿ ಬೇಡ, ನಾಯಿ ಸಾಕು

ತಮ್ಮಾ, ಗೋಣಿಕೊಪ್ಪದಿಂದ ನೀನು ಬರೆದು ಕೇಳಿದ್ದು ಮೂರು ವಿಷಯ. ಅಮೆರಿಕದ ಮಿನ್ನೆಸೋಟದಲ್ಲಿ ನಮ್ಮಂಥವರ ಜೀವನ ಹೇಗೆ, ಅಲ್ಲಿ ಬಾತುಕೋಳಿ ಬೇಟೆಗೆ ಹೋಗಬಹುದಾ, ನಿನ್ನ ಐದು ತಿಂಗಳ ಲ್ಯಾಬ್ರಡಾರ್ ಮರಿಯನ್ನು ಕರೆದುಕೊಂಡು ಬರಬಹುದಾ ಅಂತ. ಒಟ್ಟಿಗೇ ಉತ್ತರ ಹೇಳುತ್ತೇನೆ. ಇಲ್ಲಿ ಬಂದ ಮೇಲೆ ಮೂರೂ ಒಂದೇ ಆಗುತ್ತವೆ.

ಬೇಟೆಗೆ ಹೋಗಬಹುದು, ಅದೂ ರಾಜಾರೋಷವಾಗಿ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಹೊರಗೆ ಬರುವುದು ಕೈಲ್ ಪೊಳ್ದ್ ಹಬ್ಬದ ಆಯುಧ ಪೂಜೆಗೆ, ತೆಂಗಿನಕಾಯಿಗೆ ಗುಂಡು ಹೊಡೆಯಲಿಕ್ಕೆ, ಹುಟ್ಟಿಗೆ, ಸಾವಿಗೆ ಅಷ್ಟೇ ಅಲ್ವಾ. ಆದರೆ ಊರಿನಲ್ಲಿ ನಮ್ಮ ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಇದೆಯಲ್ಲ, ಆ ಧೈರ್ಯವನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಬಾ. ನೀನು ಬರುವುದು ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ. ಅಂಥವರು ಕೋವಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ಅಡ್ಡಿಯಿಲ್ಲ. ಆ ಲೈಸೆನ್ಸ್ ಬೇಕಾದರೆ, 1979ರ ನಂತರ ಹುಟ್ಟಿದವರು ಇಲ್ಲಿ ಕೋವಿ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಅದರ ಮೇಲೆ 25 ಡಾಲರಿನ ಡಕ್ ಸ್ಟ್ಯಾಂಪ್, ಅಂದರೆ ಬಾತು ಬೇಟೆಗೆ ಕೊಳ್ಳಬೇಕಾದ ಕೇಂದ್ರ ಸರ್ಕಾರದ ಚೀಟಿ. ಇದು 1934ರಿಂದ ನಡೆದುಕೊಂಡು ಬಂದಿದೆ, ದುಡ್ಡು ಜೌಗು ಜಾಗ ಉಳಿಸಲಿಕ್ಕೆ ಹೋಗುತ್ತದೆ. ಕೊಡುವಾಗ ನನಗೆ ಬೇಜಾರಾಗುವುದಿಲ್ಲ. ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಸಬಾರದು. ನೀರಿನ ಹಕ್ಕಿಗಳ ಬೇಟೆಗೆ ಸೀಸದ ಚರೆ 1991ರಿಂದ ದೇಶಕ್ಕೆಲ್ಲ ನಿಷೇಧ, ಉಕ್ಕಿನಂಥ ವಿಷವಿಲ್ಲದ ಚರೆಯೇ ಹಾಕಬೇಕು. ದಿನಕ್ಕೆ ಒಬ್ಬರಿಗೆ 6 ಬಾತು, ಅದರೊಳಗೆ ಜಾತಿಗೆ ತಕ್ಕ ಬೇರೆ ಮಿತಿಗಳು.

ಲೈಸೆನ್ಸ್, ಸ್ಟ್ಯಾಂಪ್ ಎಲ್ಲಾ ಮಾಡಿಸಿಕೋ. ಆದರೂ ಮೊದಲ ವರ್ಷ ಕೋವಿ ಕೊಳ್ಳಬೇಡ. ಬಿದ್ದ ಹಕ್ಕಿ ತರುವ ನಾಯಿಯ ಜೊತೆ ನಾಯಿಯವನಾಗಿ ಹೋಗು.

ಯಾಕೆ ಅಂದ್ರೆ, ಕೋವಿ ಕೈಯಲ್ಲಿದ್ದರೆ ಕಣ್ಣು ಆಕಾಶದಲ್ಲಿರುತ್ತದೆ. ಎಳೆ ನಾಯಿ ಆಗಲೇ ಕೆಡುವುದು. ಈಡು ಕೇಳಿದ ಕೂಡಲೇ ಹೇಳದೇ ಕೇಳದೇ ನೀರಿಗೆ ಹಾರುತ್ತದೆ, ಹಕ್ಕಿ ಬಿದ್ದ ಜಾಗ ನೋಡುವುದಿಲ್ಲ. ಎರಡು ಸಲ ಹಾಗೆ ಹಾರಿ ಬಾತು ಸಿಕ್ಕಿದರೆ ಅದೇ ಸರಿ ಅಂದುಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಬೇರೆಯವರು ಹೊಡೆಯಲಿ. ನೀನು ಕೊರಳಪಟ್ಟಿ ಹಿಡಿದು ಕೂತು, ಹಕ್ಕಿ ಬಿದ್ದದ್ದನ್ನು ಅದು ನೋಡಿತು ಅನ್ನುವುದು ಖಾತ್ರಿಯಾದ ಮೇಲೆ ಬಿಡು.

ಇನ್ನು ಜೀವನದ ಮಾತು. ಇಲ್ಲಿನ ಜನ ಒಳ್ಳೆಯವರು, ನಗುತ್ತಾರೆ, ಹಿಮದಲ್ಲಿ ಕಾರು ಹೂತರೆ ಬಂದು ತಳ್ಳುತ್ತಾರೆ. ಆದರೆ ಮನೆಗೆ ಕರೆಯಲಿಕ್ಕೆ ವರ್ಷಗಳೇ ಬೇಕು. ಅದೇ ನಾಯಿ ಬಗ್ಗೆ ಕೇಳಿ ನೋಡು, ಆಫೀಸಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡದವನು ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತಾನೆ. ದೋಣಿ, ಹಕ್ಕಿಗಳನ್ನು ಸೆಳೆಯಲಿಕ್ಕೆ ತೇಲಿಬಿಡುವ ಪ್ಲಾಸ್ಟಿಕ್ ಬಾತು ಎಲ್ಲಾ ಇದ್ದು, ನಾಯಿಗೆ ಮಾತ್ರ ವಯಸ್ಸಾದ ಯಜಮಾನರು ಇಲ್ಲಿ ಬೇಕಾದಷ್ಟು ಜನ. ಹೇಳಿದ ಮಾತು ಕೇಳುವ ಲ್ಯಾಬ್ ಇದ್ದರೆ ಬೆಳಗ್ಗೆ ನಾಲ್ಕಕ್ಕೆ ಅವರೇ ನಿನ್ನ ಮನೆ ಮುಂದೆ ಗಾಡಿ ತಂದು ನಿಲ್ಲಿಸುತ್ತಾರೆ. ಸಂಘ, ಸಮಾಜ, ಪುತ್ತರಿ ಸುಗ್ಗಿ ಹಬ್ಬದ ಊಟ ಬೇರೆ ಇದೆ, ಬೇಡ ಅನ್ನಲ್ಲ. ಆದರೆ ಬರೀ ನಮ್ಮವರ ಮಧ್ಯೆಯೇ ಇದ್ದರೆ ಗೋಣಿಕೊಪ್ಪ ಬಿಟ್ಟು ಬಂದದ್ದು ಯಾಕೆ?

ಮರಿಯನ್ನು ಈಗಲೇ ತಯಾರು ಮಾಡು. ತೋಟದ ಕೆರೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಶಾಲೆ ಬೇಡ. ಹಲ್ಲು ಬದಲಾಗುವ ತನಕ ಗಟ್ಟಿ ವಸ್ತು ಎಸೆಯಬೇಡ, ವಸಡು ನೋಯುತ್ತದೆ. ಒಮ್ಮೆ ನೋವಾದರೆ ಕಚ್ಚಿ ತರುವುದೇ ಬೇಡ ಅನ್ನಿಸುತ್ತದೆ ಅದಕ್ಕೆ. ಬಟ್ಟೆ ಸುತ್ತಿದ ಮೆತ್ತನೆಯದು ಸಾಕು. ನಾಲ್ಕೈದು ಸಲ ಎಸೆದು, ಅದಕ್ಕೆ ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸು. ಕೆರೆಯಿಂದ ಬಂದ ಮೇಲೆ ಕಿವಿ, ಕಾಲ್ಬೆರಳ ಸಂದು ನೋಡು, ಜಿಗಣೆ ಬಿಟ್ಟಿರುವುದಿಲ್ಲ.

ಈಡಿನ ಸದ್ದು ಕಲಿಸಲಿಕ್ಕೆ ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬರುತ್ತದೆ. ತೆಂಗಿನಕಾಯಿಗೆ ಹೊಡೆಯುವ ಮೈದಾನದ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡ. ದೂರದ ಗದ್ದೆ ಏರಿ ಮೇಲೆ ಆಟ ಆಡಿಸುತ್ತಾ ಇರು, ಸದ್ದು ಮೆಲ್ಲಗೆ ಕೇಳಲಿ. ಕಿವಿ ನಿಮಿರಿಸಿ ಮತ್ತೆ ಆಟಕ್ಕೆ ಬಂದರೆ ಸ್ವಲ್ಪ ಹತ್ತಿರ ಹೋಗು. ಬಾಲ ಮುದುರಿತೋ, ಅವತ್ತಿಗೆ ಮನೆಗೆ.

ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಎಳೆ ನಾಯಿ ಬಾತು ಕಚ್ಚಿಕೊಂಡು ಚೆನ್ನಾಗಿಯೇ ಈಜಿ ಬರುತ್ತದೆ. ದಡಕ್ಕೆ ಕಾಲಿಟ್ಟ ತಕ್ಷಣ ಮೈ ಕೊಡವಬೇಕು ಅನ್ನಿಸಿ ಬಾಯಿ ಬಿಡುತ್ತದೆ. ಬಾತು ಬರೀ ರೆಕ್ಕೆಗೆ ಏಟು ತಿಂದದ್ದಾದರೆ ಮುಳುಗಿ ಜೊಂಡಿನ ಬುಡದಲ್ಲಿ ಮೂಗು ಮಾತ್ರ ಮೇಲಿಟ್ಟು ಕೂರುತ್ತದೆ, ಮತ್ತೆ ಸಿಗಲ್ಲ. ಅದಕ್ಕೇ ಮೊಣಕಾಲು ನೀರಿಗೆ ಇಳಿದು ನಿಂತು, ಕೊಡವುವ ಮೊದಲೇ ಬಾಯಿಂದ ತಗೋ. ಕೆರೆಯಲ್ಲೇ ಇದನ್ನು ರೂಢಿ ಮಾಡಿಸು. ಹೊಡೆದ ಹಕ್ಕಿಯನ್ನು ಹುಡುಕಲು ಪ್ರಯತ್ನಿಸಲೇಬೇಕು ಅನ್ನುವುದು ಇಲ್ಲಿ ಕಾನೂನು ಕೂಡ.

ಸೀಸನ್ ಸೆಪ್ಟೆಂಬರ್ ಕೊನೆಗೆ ಶುರು. ಆಗ ಬಿಸಿಲಿದ್ದರೆ ಕೆಲವು ಕೆರೆಗಳಲ್ಲಿ ಹಸಿರು ಪಾಚಿ ಕಟ್ಟುತ್ತದೆ, ಅದರಲ್ಲಿ ವಿಷದ್ದೂ ಇರುತ್ತದೆ, ಕುಡಿದ ನಾಯಿ ಸತ್ತೇ ಹೋಗಬಹುದು. ನವೆಂಬರಿಗೆ ದಡದಲ್ಲಿ ಮಂಜುಗಡ್ಡೆ. ಆಗ ನಾಯಿಗೂ ಚಳಿ ತಡೆಯುವ ನಿಯೋಪ್ರೀನ್ ರಬ್ಬರಿನ ಅಂಗಿ ಬೇಕು. ಗಾಯಗೊಂಡ ದೊಡ್ಡ ಗೂಸ್ (ಹೆಬ್ಬಾತು) ತರಲಿಕ್ಕೆ ಮೊದಲ ವರ್ಷ ಬಿಡಲೇಬೇಡ. ಅದರ ರೆಕ್ಕೆಯ ಹೊಡೆತ ತಿಂದರೆ ಮರಿ ಹೆದರಿಬಿಡುತ್ತದೆ.

ಮರಿಯನ್ನು ಇಲ್ಲಿಗೆ ಕರೆತರುವುದು ಸುಲಭವಲ್ಲ. ರೇಬೀಸ್ ಜಾಸ್ತಿ ಇರುವ ದೇಶಗಳ ಅಮೆರಿಕದ ಪಟ್ಟಿಯಲ್ಲಿ ಭಾರತ ಇದೆ. ನಾಯಿಗೆ 6 ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಹಾಕಿಸಿ ಆಮೇಲೆ ಲಸಿಕೆ, ರಕ್ತ ಪರೀಕ್ಷೆ. ಆ ಪರೀಕ್ಷೆಯ ವರದಿ ಇಲ್ಲದಿದ್ದರೆ ಇಲ್ಲಿ 28 ದಿನ ಕ್ವಾರಂಟೈನ್, ಖರ್ಚು ನಿನ್ನದೇ. ಇಳಿಯಲಿಕ್ಕೆ ಎಲ್ಲಾ ಏರ್‌ಪೋರ್ಟ್ ಆಗುವುದಿಲ್ಲ. ಟಿಕೆಟ್ ಮಾಡುವ ಮೊದಲೇ ವೆಟ್ ಹತ್ತಿರ ಹೋಗು.

ಮತ್ತೆ, ಇಲ್ಲಿ ತುಂಬಾ ಜನ ಬಾತಿನ ಎದೆಮಾಂಸ ಮಾತ್ರ ಕೊಯ್ದುಕೊಳ್ಳುತ್ತಾರೆ. ನಾಚಿಕೆ ಬಿಟ್ಟು ಕಾಲು ಕೇಳು, ಕೊಡುತ್ತಾರೆ. ಅಡುಗೆಗೆ ನಮ್ಮ ಕಪ್ಪು ಹುಳಿ ಕಾಚಂಪುಳಿಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲೇ ಹಾಕು.