ಅಮೆರಿಕದ ಕಾಲೇಜು ಮಹಿಳಾ ಗಾಲ್ಫ್‌ನಲ್ಲಿ ಐವರು ಆಡಿದರೂ ನಾಲ್ವರ ಸ್ಕೋರ್ ಮಾತ್ರ ಏಕೆ? ಕೋಚ್‌ಗೆ ಅಲ್ಲಿ ಏನು ಕೆಲಸ?

ಪ್ರತಿ ಸುತ್ತಿನಲ್ಲೂ ಐವರ ಪೈಕಿ ಅತಿ ಕೆಟ್ಟ, ಅಂದರೆ ಅತಿ ಹೆಚ್ಚು ಹೊಡೆತಗಳ ಸ್ಕೋರನ್ನು ಬಿಡುತ್ತಾರೆ. 71, 72, 74, 75, 82 ಬಂದರೆ ತಂಡದ್ದು 292; ಆ 82 ಲೆಕ್ಕಕ್ಕಿಲ್ಲ. ಆದರೆ ಒಬ್ಬಳು ಇದ್ದದ್ದಕ್ಕಿಂತ ಕಡಿಮೆ ಹೊಡೆತ ಬರೆದ ಸ್ಕೋರ್‌ಕಾರ್ಡಿಗೆ ಸಹಿ ಹಾಕಿ ಅನರ್ಹಳಾದರೆ, ಉಳಿದ ನಾಲ್ವರದ್ದೂ ಸೇರಲೇಬೇಕು. ಕೋಚ್‌ಗಳು ಕಾರ್ಡ್ ಪರಿಶೀಲನೆಗೆ ಅಷ್ಟು ಒತ್ತು ಕೊಡುವುದು ಇದಕ್ಕೇ.

ವೃತ್ತಿಪರ ಗಾಲ್ಫ್‌ಗಿಂತ ಭಿನ್ನವಾಗಿ, ಇಲ್ಲಿ ಆಟದ ನಡುವೆಯೇ ಕೋಚ್ ಸಲಹೆ ಕೊಡಬಹುದು. ಹೆಚ್ಚಾಗಿ ಪಾರ್-3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಕುಳಿ) ಟೀ, ಅಂದರೆ ಮೊದಲ ಹೊಡೆತದ ಜಾಗದ ಬಳಿ ನಿಂತು ಗಾಳಿ ನೋಡಿ ಯಾವ ಕ್ಲಬ್ (ಗಾಲ್ಫ್ ಕೋಲು) ಬಳಸಬೇಕೆಂದು ಸೂಚಿಸುತ್ತಾರೆ. ಹೊಸಬರು ಬಂಕರ್ (ಮರಳುಗುಂಡಿ) ಹಿಂದಿನ ಪಿನ್ನಿಗೇ (ಕುಳಿಯ ಧ್ವಜಕ್ಕೇ) ಗುರಿಯಿಟ್ಟು ಡಬಲ್ ಬೋಗಿ, ಅಂದರೆ ಪಾರ್‌ಗಿಂತ ಎರಡು ಹೊಡೆತ ಹೆಚ್ಚು ಮಾಡಿಕೊಳ್ಳುತ್ತಾರೆ. ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮಧ್ಯಕ್ಕೆ ಹೊಡೆಸುವುದೇ ಅರ್ಧ ಕೋಚಿಂಗ್.

2015ರಿಂದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಡಿವಿಷನ್-1 ಫೈನಲ್ಸ್‌ನಲ್ಲಿ ಅಗ್ರ 8 ತಂಡಗಳಿಗೆ ಮ್ಯಾಚ್ ಪ್ಲೇ, ಅಂದರೆ ಒಬ್ಬಳ ಎದುರು ಒಬ್ಬಳ ಆಟ: ಐದು ಪಂದ್ಯ, ಮೂರು ಗೆಲ್ಲಬೇಕು. ಅಲ್ಲಿ ಯಾರ ಫಲಿತಾಂಶವನ್ನೂ ಬಿಡುವಂತಿಲ್ಲ. ಐದನೆಯವಳನ್ನು ಕಡೆಗಣಿಸಿದ ಕೋಚ್ ಸಿಕ್ಕಿಬೀಳುವುದು ಇಲ್ಲೇ.