ಕಾಗದದ ಕಪ್ಪೋ, ಸ್ಟೀಲ್ ಲೋಟವೋ?

ಪ್ರಶ್ನೆ: ಎಲ್‌ಸಿಎ, ಅಂದರೆ ಜೀವನಚಕ್ರ ಮೌಲ್ಯಮಾಪನದ (ವಸ್ತುವೊಂದು ತಯಾರಿಯಿಂದ ಕಸವಾಗುವವರೆಗೆ ಪರಿಸರದ ಮೇಲೆ ಹೇರುವ ಹೊರೆಯ ಲೆಕ್ಕ) ತರಬೇತಿಯಲ್ಲಿದ್ದೇನೆ. ಅಭ್ಯಾಸಕ್ಕೆಂದು ಕ್ಯಾಂಟೀನಿನ 3 ಗ್ರಾಂ ಕಾಗದದ ಕಪ್ಪನ್ನೂ 80 ಗ್ರಾಂ ಸ್ಟೀಲ್ ಲೋಟವನ್ನೂ ಹೋಲಿಸಿದರೆ ಕಪ್ಪೇ ಮೇಲು ಎಂದು ಬರುತ್ತಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ಒಂದಕ್ಕೆ ಒಂದು ಹೋಲಿಸಿದ್ದೀರಿ, ತಪ್ಪಿರುವುದು ಅಲ್ಲೇ. ಐಎಸ್‌ಒ 14044 ಎಂಬ ಅಂತರರಾಷ್ಟ್ರೀಯ ಎಲ್‌ಸಿಎ ಮಾನದಂಡ ಕೇಳುವುದು ವಸ್ತುವಿನ ಲೆಕ್ಕವನ್ನಲ್ಲ, ಅದು ಮಾಡುವ ಕೆಲಸದ ಲೆಕ್ಕವನ್ನು. ‘100 ಮಿ.ಲೀ. ಕಾಫಿಯನ್ನು 1000 ಸಲ ಕೊಡುವುದು’ ಎಂದು ಹೋಲಿಕೆಯ ಘಟಕ ಇಟ್ಟುಕೊಳ್ಳಿ. ಆಗ ಕಪ್ಪುಗಳ ತೂಕ 3 ಕಿಲೋ. ಲೋಟ 2000 ಸಲ ಬಾಳುತ್ತದೆಂದರೆ ಲೆಕ್ಕಕ್ಕೆ ಬರುವ ಸ್ಟೀಲ್ 40 ಗ್ರಾಂ ಮಾತ್ರ.

ಇಷ್ಟಕ್ಕೇ ಲೋಟ ಗೆದ್ದಿತೆನ್ನಬೇಡಿ. ತೊಳೆಯುವುದನ್ನೂ ಸೇರಿಸಿ: ನೀರು, ಸಾಬೂನು, ಮುಖ್ಯವಾಗಿ ನೀರು ಕಾಯಿಸುವ ಕರೆಂಟು. ಬಿಸಿನೀರು ಧಾರಾಳವಾಗಿ ಹರಿದರೆ ಫಲಿತಾಂಶವೇ ತಿರುಗಬಹುದು. ಒಂದು ದಿನದ ನೀರನ್ನು ಬಕೆಟ್ಟಿನಲ್ಲಿ ಅಳೆದು, ಅಂದು ತೊಳೆದ ಲೋಟಗಳ ಸಂಖ್ಯೆಯಿಂದ ಭಾಗಿಸಿ. ಊಹೆಯ ಅಂಕಿ ಬೇಡ. ತಂತ್ರಾಂಶಕ್ಕೆ ಉಚಿತವಾದ ಓಪನ್‌ಎಲ್‌ಸಿಎ ಸಾಕು. ಆದರೆ ವಿದ್ಯುತ್ತಿಗೆ ಯುರೋಪಿನ ದತ್ತಾಂಶ ಆರಿಸಬೇಡಿ, ನಮ್ಮಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚು. ಕಪ್ಪಿನೊಳಗಿನ ಪ್ಲಾಸ್ಟಿಕ್ ಪದರವನ್ನೂ ಮರೆಯಬೇಡಿ. ಮಾಮೂಲಿ ರದ್ದಿಯ ಜೊತೆ ಕಪ್ಪಿನ ಮರುಬಳಕೆ ಕಷ್ಟವಾಗುವುದು ಅದರಿಂದಲೇ.

ಕೊನೆಗೆ ಲೋಟದ ಬಾಳಿಕೆಯನ್ನು 50, 500, 2000 ಎಂದು ಬದಲಿಸಿ ನೋಡಿ. ಫಲಿತಾಂಶ ಎಲ್ಲಾದರೂ ಮಗುಚಿದರೆ ಆ ಅಂಕಿಯನ್ನು ವರದಿಯಲ್ಲಿ ಬರೆಯಿರಿ.