ಹೊಸ ಡೆಸ್ಕ್‌ಟಾಪ್, ಹಳೇ ಗೋಡೆ

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಕೋಡಿಂಗ್, ಸ್ವಲ್ಪ ಆಟೋಕ್ಯಾಡ್ ಕೆಲಸಕ್ಕೆ ಡೆಸ್ಕ್‌ಟಾಪ್ ಜೋಡಿಸಬೇಕು. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅನ್ನುತ್ತಾರೆ. ನಮ್ಮದು ದಪ್ಪ ಮಣ್ಣುಗೋಡೆಯ ಹಳೇ ಮನೆ, ರೂಟರ್ ಹಜಾರದಲ್ಲಿದೆ, ಅವಳ ಕೋಣೆ ಹಿಂದುಗಡೆ. ಅಲ್ಲಿ ಫೋನಿಗೇ ವೈಫೈ ಸಿಗುವುದಿಲ್ಲ. ವೈಫೈ ಇರುವ ಮದರ್‌ಬೋರ್ಡ್ ತೆಗೆದುಕೊಂಡರೆ ಸರಿಹೋಗುತ್ತದಾ?
– ಓದುಗರು, ಪಾಂಡವಪುರ

ಉತ್ತರ: ಸರಿಹೋಗುವುದಿಲ್ಲ. ಫೋನಿಗೆ ಸಿಗದ ಸಿಗ್ನಲ್ ಮದರ್‌ಬೋರ್ಡಿಗೆ ಎಲ್ಲಿಂದ ಬರಬೇಕು? ವೇಗದ 5 ಗಿಗಾಹರ್ಟ್ಸ್ ವೈಫೈ ದಪ್ಪ ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, 2.4 ಇನ್ನಷ್ಟು ದೂರ ಬಂದರೂ ನಿಧಾನ. ನೀವು ಕೇಬಲ್ ಎಳೆಸಿ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗ ಕೊಡುತ್ತದೆ, ನಿಮ್ಮ ಮನೆಗೆ 20–30 ಮೀಟರ್ ಸಾಕಲ್ವಾ? ಆದರೆ ಅಪ್ಪಟ ತಾಮ್ರದ್ದೇ ಕೇಳಿ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬಿಳಿ ಕಾಣುತ್ತದೆ, ಅದು ಬೇಡ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸದೆ ಬೇರೆ ಪೈಪ್ ಹಾಕಿಸಿ. ಮನೆಯಲ್ಲಿ ಹಳೇ ರೂಟರ್ ಬಿದ್ದಿದ್ದರೆ ಎಸೆಯಬೇಡಿ. ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಿಸಿ, ಡಿಎಚ್‌ಸಿಪಿ (ಉಳಿದ ಸಾಧನಗಳಿಗೆ ತಾನೇ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ಇನ್ನೊಂದು ಲ್ಯಾನ್ ಪೋರ್ಟಿನಿಂದ ಕಂಪ್ಯೂಟರಿಗೆ ಕೊಡಿ. ಆ ಕೋಣೆಯಲ್ಲಿ ಫೋನಿಗೂ ವೈಫೈ ಬರುತ್ತದೆ.

ಈ ಕೆಲಸಕ್ಕೆ ಈಗಲೇ ಗ್ರಾಫಿಕ್ಸ್ ಕಾರ್ಡ್ ಬೇಡ. ರೈಜನ್ 5 5600ಜಿ ಥರದ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಸಾಕು. ಮುಂದೆ ಬರೀ ಪ್ರೊಸೆಸರ್ ಬದಲಿಸುವ ಯೋಚನೆ ಇದ್ದರೆ ಎಎಂ5 (ಪ್ರೊಸೆಸರ್ ಕೂರುವ ಹೊಸ ಥರದ ಸಾಕೆಟ್) ಬೋರ್ಡಿನ ರೈಜನ್ 5 8600ಜಿ ನೋಡಿ, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಇಂಟೆಲ್ ಆದರೆ ಐ5 12400 ತೆಗೆದುಕೊಳ್ಳಿ, ಕೊನೆಗೆ ‘ಎಫ್’ ಇರುವ 12400ಎಫ್ ಬೇಡ, ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಬರುವುದಿಲ್ಲ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬದಲು 8ರ ಎರಡು ಹಾಕಿಸಿ, ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಫೈಲುಗಳನ್ನು ಉಳಿಸಿಡಲು ವೇಗದ ಎನ್‌ವಿಎಂಇ ಎಸ್‌ಎಸ್‌ಡಿ 512 ಜಿಬಿ ಇರಲಿ.

ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ, ಅಂದರೆ ಕಂಪ್ಯೂಟರಿನ ಒಳಗೆ ಕರೆಂಟ್ ಕೊಡುವ ಡಬ್ಬಿಗೆ, ಹಾಕಿ. ದಯವಿಟ್ಟು ಇಲ್ಲಿ ಉಳಿಸಬೇಡಿ. ಕ್ಯಾಬಿನೆಟ್ ಜೊತೆ ಸುಮ್ನೆ ಬಂದ ಎಸ್‌ಎಂಪಿಎಸ್ ಒಂದು ನಮ್ಮ ಮನೆಯಲ್ಲಿ ಸುಡುವಾಗ ಮದರ್‌ಬೋರ್ಡನ್ನೂ ಸುಟ್ಟಿತು. ಒಳ್ಳೇ ಕಂಪನಿಯ 550 ವಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ದರ್ಜೆ) ಇದ್ದರೆ ನಾಳೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ತಡೆಯುತ್ತದೆ. ಹಳೇ ಮನೆ ಅಂದಿದ್ದೀರಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಯುಪಿಎಸ್ ಕಂಪ್ಯೂಟರಿಗೆ ಒಂದು, ರೂಟರಿಗೆ ಚಿಕ್ಕದೊಂದು ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಮಾತ್ರ ತೆಗೆದರೆ ಸಾಲದು. ಮಿಂಚು ಶುರುವಾಗುವ ಮೊದಲೇ ಲ್ಯಾನ್ ಕೇಬಲನ್ನೂ ಎಳೆದಿಡಲು ಮಗಳಿಗೆ ಹೇಳಿ.